ಜನರೇಟರ್ ಸ್ಟಾರ್ಟ್ ಆಗುತ್ತದೆ, ಇಪ್ಪತ್ತು ನಿಮಿಷಕ್ಕೆ ಬಂದ್ ಬೀಳುತ್ತದೆ. ಏನು ನೋಡಬೇಕು?

ಬೈನಾ ಖಾನಾವಳಿ

ಎಲ್ಲರಿಗೂ ನಮಸ್ಕಾರ. ವಾಸ್ಕೋದ ಬೈನಾದಲ್ಲಿ ನಮ್ಮದೊಂದು ಸಣ್ಣ ರೊಟ್ಟಿ ಖಾನಾವಳಿ. ಮಳೆಗಾಲ ಬಂತೆಂದರೆ ಕರೆಂಟ್ ಹೋಗುವುದು ಜಾಸ್ತಿ. ಅದಕ್ಕಾಗಿ ಒಂದು ಪೆಟ್ರೋಲ್ ಜನರೇಟರ್ ಇಟ್ಟುಕೊಂಡಿದ್ದೇವೆ. ಫೋರ್ ಸ್ಟ್ರೋಕ್, 163 ಸಿಸಿ, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ಲೈಟು, ಫ್ಯಾನು, ಒಂದು ಫ್ರಿಜ್ ಅದರ ಮೇಲೆ ನಡೆಯುತ್ತದೆ. ಮಿಕ್ಸರ್ ಹಾಕುವುದಿದ್ದರೆ ಫ್ರಿಜ್ ತೆಗೆಯುತ್ತೇವೆ.

ತೊಂದರೆ ಹೀಗಿದೆ. ಚೋಕ್ ಹಾಕಿ ಎಳೆದರೆ ತಕ್ಷಣ ಸ್ಟಾರ್ಟ್. ಚೆನ್ನಾಗಿಯೇ ಓಡುತ್ತದೆ. ಇಪ್ಪತ್ತು ನಿಮಿಷದ ಹೊತ್ತಿಗೆ ಬಂದ್ ಬೀಳುತ್ತದೆ. ಆಗ ಎಷ್ಟು ಎಳೆದರೂ ಜಪ್ಪಯ್ಯ ಅನ್ನುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಏನೂ ಆಗೇ ಇಲ್ಲ ಅನ್ನುವಂತೆ ಮತ್ತೆ ಶುರು. ಮತ್ತೆ ಅದೇ ಕತೆ. ಮಧ್ಯಾಹ್ನ ಊಟಕ್ಕೆ ಕೂತವರು ಬೆವರು ಒರೆಸಿಕೊಂಡು ನಮ್ಮ ಮುಖ ನೋಡುತ್ತಾರೆ.

ರಿಪೇರಿಯವರು ಪ್ಲಗ್ ಬದಲಿಸಿದರು, ಏರ್ ಫಿಲ್ಟರ್ ಬದಲಿಸಿದರು. ಈಗ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಎರಡೂ ಹೊಸದು ಹಾಕಬೇಕು ಅನ್ನುತ್ತಿದ್ದಾರೆ. ನಮ್ಮ ಯಜಮಾನರು ಹಾಕಿಸಿಬಿಡೋಣ ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ತಿಳಿದವರು ಹೇಳಿ.

ಪಿಂಪ್ರಿ ವೈಂಡಿಂಗ್

ಕಾಯಿಲ್ ಅಕ್ಕಾ, ಅನುಮಾನವೇ ಬೇಡ. ಬಿಸಿಯಾದಾಗ ಸಾಯುತ್ತದೆ, ತಣ್ಣಗಾದಾಗ ಎದ್ದು ಕೂರುತ್ತದೆ. ಒಳಗಿನ ತಾಮ್ರದ ತಂತಿ ಕೂದಲಿನಷ್ಟು ಸಣ್ಣ. ಎಲ್ಲೋ ಬಿರುಕು ಬಿಟ್ಟಿದ್ದರೆ ಬಿಸಿಗೆ ಹಿಗ್ಗಿ ಕನೆಕ್ಷನ್ ಬಿಡುತ್ತದೆ. ತಣ್ಣಗಾದರೆ ಮತ್ತೆ ಕೂಡುತ್ತದೆ. ಗುರುವಾರ ಮೆಂಟೆನೆನ್ಸ್ ಅಂತ ನಮ್ಮ ಕಡೆ ಕರೆಂಟ್ ತೆಗೆಯುತ್ತಾರೆ. ಶುಕ್ರವಾರ ಇಂಥದ್ದೇ ಜನರೇಟರ್‌ಗಳು ನನ್ನ ಅಂಗಡಿಗೆ ಬರುತ್ತವೆ.

ಡೊಂಬಿವಲಿ ಭಟ್ಟ

ಅಮ್ಮಾ, ಈಗಲೇ ಯಾವುದನ್ನೂ ಹಾಕಿಸಬೇಡಿ. ಪಿಂಪ್ರಿಯವರು ಹೇಳಿದ್ದು ಆಗಬಹುದಾದದ್ದೇ, ಸುಳ್ಳಲ್ಲ. ಆದರೆ ಅದೊಂದೇ ಅಲ್ಲ.

ನಾನು ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ನೋಡಿಕೊಂಡಿದ್ದವನು. ಅಲ್ಲಿ ಮೊದಲು ಕೇಳುತ್ತಿದ್ದ ಪ್ರಶ್ನೆ: ಹೇಗೆ ನಿಂತಿತು? ಎಂಜಿನ್ ನಿಲ್ಲುವುದರಲ್ಲಿ ಎರಡು ಬಗೆ. ಒಂದು, ಸ್ವಿಚ್ ಆಫ್ ಮಾಡಿದ ಹಾಗೆ ಟಪ್ಪಂತ. ಇನ್ನೊಂದು, ಸದ್ದು ಏರಿ ಇಳಿದು, ಕೆಮ್ಮಿ, ಉಸಿರು ಕಟ್ಟಿ ನಿಲ್ಲುವುದು. ಟಪ್ಪಂತ ನಿಂತರೆ ಹೆಚ್ಚಾಗಿ ಕಿಡಿಯ ಕಡೆ ತೊಂದರೆ: ಕಾಯಿಲ್, ಸ್ವಿಚ್ಚಿನ ವಯರು, ಆಯಿಲ್ ಕಮ್ಮಿಯಾದರೆ ಎಂಜಿನ್ ನಿಲ್ಲಿಸುವ ಸೆನ್ಸರ್. ಕೆಮ್ಮಿ ನಿಂತರೆ ಹೆಚ್ಚಾಗಿ ಪೆಟ್ರೋಲಿನ ಕಡೆ.

ಎರಡನೇ ಪ್ರಶ್ನೆ, ನಿಂತ ತಕ್ಷಣ ಪ್ಲಗ್ ಬಿಚ್ಚಿದರೆ ಒಣಗಿದೆಯಾ, ಒದ್ದೆಯಿದೆಯಾ? ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಹತ್ತಿಲ್ಲ, ಇಲ್ಲವೇ ಅಗತ್ಯಕ್ಕಿಂತ ಜಾಸ್ತಿ ಬಂದಿದೆ. ಕೈ ಸುಡುತ್ತದೆ, ಬಟ್ಟೆ ಹಿಡಿದು ಬಿಚ್ಚಿ. ಕಿಡಿ ನೋಡಲು ಪ್ಲಗ್ಗನ್ನು ಆ ತೂತಿನ ಹತ್ತಿರ ಹಿಡಿದು ಹಗ್ಗ ಎಳೆಯಬೇಡಿ. ಅಲ್ಲಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ, ಬೆಂಕಿ ಹಿಡಿಯುತ್ತದೆ. ಸಿಲಿಂಡರ್‌ನಿಂದ ದೂರ, ಬಾಡಿಯ ಬೇರೆ ಲೋಹಕ್ಕೆ ತಾಗಿಸಬೇಕು.

ಸ್ವಲ್ಪ ಹೊತ್ತು ಬಿಟ್ಟರೆ ಸರಿಯಾಗುತ್ತದೆ ಅನ್ನುವುದರಿಂದ ಮಾತ್ರ ಏನೂ ಗೊತ್ತಾಗುವುದಿಲ್ಲ ಮಾರಾಯ್ರೆ. ಕಾಯಿಲ್ ಹಾಳಾದರೂ ಹಾಗೆಯೇ, ಪೆಟ್ರೋಲ್ ನಿಧಾನವಾಗಿ ಇಳಿಯುತ್ತಿದ್ದರೂ ಹಾಗೆಯೇ. ಕಾಯುವ ಹೊತ್ತಿನಲ್ಲಿ ಕಾಯಿಲ್ಲೂ ತಣ್ಣಗಾಗುತ್ತದೆ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು, ಅಂದರೆ ಬೌಲೂ ತುಂಬಿಕೊಳ್ಳುತ್ತದೆ. ಎರಡನ್ನೂ ಬೇರೆ ಮಾಡಿ ನೋಡಬೇಕಾದರೆ ಕಾಯಬಾರದು. ನಿಂತ ಆ ಒಂದು ನಿಮಿಷದಲ್ಲೇ ನೋಡಬೇಕು.

ಕೋಥ್ರುಡ್ ಕುಲಕರ್ಣಿ

ಇ20, ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಮುಗೀತು.

ಬೈನಾ ಖಾನಾವಳಿ

ಭಟ್ರೇ, ಇವತ್ತು ಕರೆಂಟ್ ಇದ್ದರೂ ಬೇಕಂತಲೇ ಓಡಿಸಿ ನೋಡಿದೆವು. ಟಪ್ಪಂತ ನಿಲ್ಲುವುದಿಲ್ಲ. ಮೊದಲು ಸದ್ದು ಗುಂಯ್ ಗುಂಯ್ ಅಂತ ಏರಿಳಿಯುತ್ತದೆ, ಬಲ್ಬು ಮಂಕಾಗುತ್ತದೆ, ಆಮೇಲೆ ನಿಲ್ಲುತ್ತದೆ. ಆ ಹೊತ್ತಿಗೆ ಚೋಕ್ ಅರ್ಧ ಎಳೆದರೆ ಇನ್ನು ಸ್ವಲ್ಪ ಹೊತ್ತು ಜಗ್ಗುತ್ತದೆ. ನಿಂತ ಮೇಲೆ ಯಜಮಾನರು ಪ್ಲಗ್ ಬಿಚ್ಚಿದರು. ಒಣಗಿತ್ತು. ಕಿಡಿ ನೀಲಿ ಬಣ್ಣದಲ್ಲಿ ಚೆನ್ನಾಗಿಯೇ ಬಂತು. ಎಂಜಿನ್ ಕೈ ಇಡಲಾಗದಷ್ಟು ಬಿಸಿ ಇದ್ದಾಗಲೇ ನೋಡಿದ್ದು.

ಪಿಂಪ್ರಿ ವೈಂಡಿಂಗ್

ಬಿಸಿಯಲ್ಲೂ ಕಿಡಿ ಇದೆ ಅಂದರೆ ಕಾಯಿಲ್ ಅಲ್ಲ. ನನ್ನ ಮಾತು ವಾಪಸ್.

ಫೋಂಡಾ ಗ್ಯಾರೇಜ್

ಅಕ್ಕಾರ, ನಾನು ರಾಣೆಬೆನ್ನೂರಿನವನು. ಇಲ್ಲಿ ಫೋಂಡಾದಲ್ಲಿ ಹುಲ್ಲು ಕತ್ತರಿಸುವ ಮಷೀನು, ಪಂಪು, ಜನರೇಟರ್ ರಿಪೇರಿ ಮಾಡುತ್ತೇನೆ. ಪ್ಲಗ್ ಒಣಗಿದೆ, ಚೋಕ್ ಎಳೆದು ಗಾಳಿ ಕಮ್ಮಿ ಮಾಡಿದರೆ ಜಗ್ಗುತ್ತದೆ ಅಂದ ಮೇಲೆ ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ. ಟ್ಯಾಂಕಿನಿಂದ ಕಾರ್ಬುರೇಟರ್ ಒಳಗಿನ ಜೆಟ್ಟಿನವರೆಗೆ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನವರೆಗೆ ಎಲ್ಲೋ ತಡೆ ಇದೆ.

ಕಾರ್ಬುರೇಟರ್ ಮುಟ್ಟುವ ಮುಂಚೆ ಒಂದು ಕೆಲಸ ಮಾಡಿ. ಅದು ಏರಿಳಿಯಲು ಶುರು ಮಾಡಿದ ಕೂಡಲೇ ಟ್ಯಾಂಕಿನ ಮುಚ್ಚಳ ಒಂದು ಸುತ್ತು ಸಡಿಲ ಮಾಡಿ. ಪೂರ್ತಿ ತೆಗೆಯಬೇಡಿ, ಕೆಳಗೆ ಬಿಸಿ ಸೈಲೆನ್ಸರ್ ಇರುತ್ತದೆ. ಹತ್ತಿರ ಒಲೆ, ಬೀಡಿ ಏನೂ ಇರಬಾರದು. ಸುಯ್ ಅಂತ ಗಾಳಿ ಒಳಗೆ ಹೋದ ಸದ್ದು ಕೇಳಿಸಿ ಎಂಜಿನ್ ಚೇತರಿಸಿಕೊಂಡರೆ ತೊಂದರೆ ಮುಚ್ಚಳದ್ದೇ.

ಯಾಕೆಂದರೆ ಈ ಜನರೇಟರಿಗೆ ಪಂಪ್ ಇಲ್ಲ. ಪೆಟ್ರೋಲ್ ತನ್ನ ಭಾರಕ್ಕೇ ಕೆಳಗೆ ಇಳಿಯುತ್ತದೆ. ಇಳಿದಷ್ಟು ಜಾಗಕ್ಕೆ ಮೇಲಿಂದ ಗಾಳಿ ಬರಬೇಕು. ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದು ಬಗ್ಗಿಸಿದರೆ ಗುಳುಕ್ ಗುಳುಕ್ ಅಂತ ನಿಂತು ನಿಂತು ಬರುತ್ತದಲ್ಲ, ಅದೇ ಇಲ್ಲಿ ಆಗುವುದು. ಅದಕ್ಕೇ ಮುಚ್ಚಳದಲ್ಲಿ ಗಾಳಿಗೆ ಸಣ್ಣ ದಾರಿ ಇಟ್ಟಿರುತ್ತಾರೆ. ಅದು ಕಟ್ಟಿಕೊಂಡರೆ ಟ್ಯಾಂಕ್ ಒಳಗೆ ಎಳೆತ ಹೆಚ್ಚುತ್ತಾ ಹೋಗಿ ಪೆಟ್ರೋಲ್ ನಿಂತೇಬಿಡುತ್ತದೆ. ಎಂಜಿನ್ ಆಫ್ ಆದ ಮೇಲೆ ಎಲ್ಲಿಂದಲೋ ನಿಧಾನಕ್ಕೆ ಗಾಳಿ ನುಸುಳುತ್ತದೆ, ಬೌಲ್ ತುಂಬುತ್ತದೆ, ಮತ್ತೆ ಸ್ಟಾರ್ಟ್.

ಇನ್ನೊಂದು ಕೇಳುತ್ತೇನೆ. ಟ್ಯಾಂಕ್ ಫುಲ್ ಮಾಡಿದ ದಿನ ಬೇಗ ನಿಲ್ಲುತ್ತದೆಯಾ? ಫುಲ್ ಇದ್ದಾಗ ಮೇಲೆ ಗಾಳಿಯ ಜಾಗ ಕಮ್ಮಿ, ಎಳೆತ ಬೇಗ ಬರುತ್ತದೆ.

ಮುಲುಂಡ್ ಸ್ಟೋರ್ಸ್

ಆಯಿಲ್ ನೋಡಿದ್ದೀರಾ? ನಮ್ಮದು ಸೊಸೈಟಿ ಹಿಂದಿನ ಇಳಿಜಾರಿನಲ್ಲಿ ಇಟ್ಟಾಗಲೆಲ್ಲ ನಿಲ್ಲುತ್ತಿತ್ತು. ಸಮತಟ್ಟು ಜಾಗಕ್ಕೆ ತಂದರೆ ಸರಿ. ಆಯಿಲ್ ಒಂದು ಕಡೆ ಸರಿದು ಸೆನ್ಸರ್ ಎಂಜಿನ್ ಬಂದ್ ಮಾಡುತ್ತಿತ್ತು.

ಡೊಂಬಿವಲಿ ಭಟ್ಟ

ಅದು ಟಪ್ಪಂತ ನಿಲ್ಲುವ ಜಾತಿ ಮುಲುಂಡ್‌ನವರೇ, ಇವರದ್ದು ಕೆಮ್ಮುತ್ತದೆ. ಆದರೂ ಆಯಿಲ್ ನೋಡುವುದು ಒಳ್ಳೆಯದೇ. ಈ 163 ಸಿಸಿ ಬಗೆಯ ಎಂಜಿನ್ನಿಗೆ ಹಿಡಿಯುವುದೇ ಸುಮಾರು 0.6 ಲೀಟರ್. ಸ್ವಲ್ಪ ಕಮ್ಮಿಯಾದರೂ ಗೊತ್ತಾಗುತ್ತದೆ. ಕಡ್ಡಿಯನ್ನು ತಿರುಗಿಸಿ ಬಿಗಿ ಮಾಡಿ ಅಳೆಯುವುದಲ್ಲ, ಸುಮ್ನೆ ಒಳಗೆ ಬಿಟ್ಟು ತೆಗೆದು ನೋಡುವುದು. ಎಂಜಿನ್ ಸಮತಟ್ಟು ನೆಲದ ಮೇಲಿರಬೇಕು. ಬಹಳ ಜನ ಸೆನ್ಸರ್ ವಯರ್ ಕಿತ್ತುಹಾಕಿ ಸರಿಯಾಯಿತು ಅನ್ನುತ್ತಾರೆ. ಆಮೇಲೆ ಒಂದು ದಿನ ಆಯಿಲ್ಲೇ ಇಲ್ಲದೆ ಓಡಿ ಎಂಜಿನ್ ಸೀಜ್ ಆಗುತ್ತದೆ.

ಸತ್ತರಿ ಗೇರುತೋಟ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಜನರೇಟರ್ ಅಲ್ಲ, ಹುಲ್ಲು ಕತ್ತರಿಸುವ ಟೂ ಸ್ಟ್ರೋಕ್ ಮಷೀನು. ಗೇರುಮರದ ಬುಡ ಸ್ವಚ್ಛ ಮಾಡಲು ಇಟ್ಟುಕೊಂಡಿದ್ದೇನೆ. ಸ್ಟಾರ್ಟ್ ಆಗುತ್ತದೆ, ನಿಧಾನಕ್ಕೆ ಓಡುತ್ತದೆ. ರೇಸ್ ಕೊಟ್ಟರೆ ಬಂದ್. ಮುಚ್ಚಳ ಸಡಿಲ ಮಾಡಿ ನೋಡಿದೆ, ಏನೂ ಫರಕಿಲ್ಲ.

ಬೈನಾ ಖಾನಾವಳಿ

ಫೋಂಡಾ ಅಣ್ಣಾ, ನೀವು ಹೇಳಿದ ಹಾಗೆಯೇ ಆಯಿತು! ಏರಿಳಿತ ಶುರುವಾದ ಕೂಡಲೇ ಮುಚ್ಚಳ ಸಡಿಲ ಮಾಡಿದೆವು. ಸುಯ್ ಅಂತ ಸದ್ದು, ಎಂಜಿನ್ ಮತ್ತೆ ಗಟ್ಟಿಯಾಗಿ ಓಡಿತು. ಮುಚ್ಚಳ ಸಡಿಲ ಇಟ್ಟೇ ಊಟದ ಹೊತ್ತು ಪೂರ್ತಿ ಓಡಿಸಿದೆವು, ನಿಲ್ಲಲಿಲ್ಲ. ಟ್ಯಾಂಕ್ ಫುಲ್ ಮಾಡಿದ ದಿನ ಬೇಗ ನಿಲ್ಲುತ್ತಿದ್ದದ್ದೂ ಹೌದು. ಹುಡುಗ ಹೇಳುತ್ತಿದ್ದ, ನಾವು ಕಿವಿಗೆ ಹಾಕಿಕೊಂಡಿರಲಿಲ್ಲ.

ಆಮೇಲೆ ಮುಚ್ಚಳ ತಿರುಗಿಸಿ ನೋಡಿದರೆ ಒಳಗೆ ತೂತೇ ಇಲ್ಲ. ಹಳೆಯದು ಒಡೆದಿತ್ತು ಅಂತ ರಿಪೇರಿಯವರೇ ಬೇಸಿಗೆಯಲ್ಲಿ ಹಾಕಿಕೊಟ್ಟ ಡೂಪ್ಲಿಕೇಟ್ ಮುಚ್ಚಳ ಅದು. ಅದೇ ಮನುಷ್ಯರು ಈಗ ಕಾರ್ಬುರೇಟರ್ ಬದಲಿಸಿ ಅನ್ನುತ್ತಿದ್ದಾರೆ.

ಆದರೆ ಪೂರ್ತಿ ಸರಿಯಾಗಿಲ್ಲ. ಫ್ರಿಜ್ ಓಡುವಾಗ ಸದ್ದು ಒಂದೇ ಸಮ ಇರುತ್ತದೆ. ಬರೀ ಲೈಟ್ ಇದ್ದಾಗ ಸದ್ದು ಏರುತ್ತದೆ, ಇಳಿಯುತ್ತದೆ, ಏರುತ್ತದೆ, ಇಳಿಯುತ್ತದೆ. ನಿಲ್ಲುವುದಿಲ್ಲ, ಆದರೆ ತಲೆ ಕೆಡುತ್ತದೆ.

ಪಿಂಪ್ರಿ ವೈಂಡಿಂಗ್

ಮುಚ್ಚಳಕ್ಕೆ ಮೊಳೆ ಕಾಸಿ ಒಂದು ತೂತು ಹೊಡೆದುಬಿಡಿ ಅಕ್ಕಾ, ಪೈಸೆ ಖರ್ಚಿಲ್ಲ.

ಡೊಂಬಿವಲಿ ಭಟ್ಟ

ಬೇಡವೇ ಬೇಡ. ಮೊದಲನೆಯದಾಗಿ ಪೆಟ್ರೋಲ್ ಹಿಡಿದ ಮುಚ್ಚಳಕ್ಕೆ ಕಾಸಿದ ಮೊಳೆ ಅನ್ನುವ ಮಾತೇ ಆಡಬಾರದು. ಎರಡನೆಯದಾಗಿ, ಸರಿಯಾದ ಮುಚ್ಚಳದಲ್ಲಿ ಗಾಳಿಯ ದಾರಿ ನೇರ ಇರುವುದಿಲ್ಲ. ಸುತ್ತಿ ಬಳಸಿ ಹೋಗುತ್ತದೆ. ಗಾಳಿ ಒಳಗೆ ಹೋಗಬೇಕು, ಪೆಟ್ರೋಲ್ ಕುಲುಕಿದರೂ ಹೊರಗೆ ಬರಬಾರದು, ಮಳೆನೀರು ಇಳಿಯಬಾರದು. ನೀವು ಹೊಡೆದ ನೇರ ತೂತಿನಲ್ಲಿ ಮೂರೂ ಆಗುತ್ತದೆ. ಅಡುಗೆಮನೆ ಪಕ್ಕದ ಮಷೀನು ಅದು. ಗಾಳಿದಾರಿ ಇರುವ ಸರಿಯಾದ ಮುಚ್ಚಳ ತರಿಸಿ. ದೊಡ್ಡ ಖರ್ಚಿನ ಸಾಮಾನಲ್ಲ. ಅಲ್ಲಿಯವರೆಗೆ ಮುಚ್ಚಳ ಸಡಿಲ ಬಿಟ್ಟು ದಿನಾ ಓಡಿಸಬೇಡಿ, ಪರೀಕ್ಷೆಗೆ ಮಾತ್ರ ಅದು.

ಮಳೆ ಬರುತ್ತದೆ ಅಂತ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಚೀಲ ಬಿಗಿದು ರಬ್ಬರ್ ಬ್ಯಾಂಡ್ ಹಾಕುವವರಿದ್ದಾರೆ. ಅವರ ಜನರೇಟರಿಗೂ ಇದೇ ಗತಿ.

ಫೋಂಡಾ ಗ್ಯಾರೇಜ್

ಉಳಿದ ಏರಿಳಿತಕ್ಕೆ ಬರೋಣ. ಲೋಡ್ ಇದ್ದಾಗ ಸರಿ, ಲೋಡ್ ಇಲ್ಲದಾಗ ಏರಿಳಿತ ಅಂದರೆ ನನ್ನ ಕಣ್ಣು ಪೈಲಟ್ ಜೆಟ್ ಮೇಲೆ. ಕಾರ್ಬುರೇಟರಿನಲ್ಲಿ ಎರಡು ದಾರಿ ಇವೆ. ದೊಡ್ಡ ಲೋಡಿಗೆ ಮೇನ್ ಜೆಟ್, ಸಣ್ಣ ಲೋಡಿಗೆ ಪೈಲಟ್ ಜೆಟ್. ಪೈಲಟ್ ಜೆಟ್ಟಿನ ತೂತು ಕಣ್ಣಿಗೆ ಕಾಣುವುದೇ ಕಷ್ಟ. ಒಂದು ಕಣ ಕಚರಾ ಸಾಕು. ಪೆಟ್ರೋಲ್ ಕಮ್ಮಿಯಾಗಿ ಎಂಜಿನ್ ಇಳಿಯುತ್ತದೆ. ವೇಗ ಒಂದೇ ಸಮ ಇಡುವ ಗವರ್ನರ್ ಅದನ್ನು ಹಿಡಿದು ಥ್ರಾಟಲ್, ಅಂದರೆ ಎಂಜಿನ್ನಿಗೆ ಮಿಶ್ರಣ ಬಿಡುವ ಬಾಗಿಲು ತೆರೆಯುತ್ತದೆ. ತೆರೆದಾಗ ಮೇನ್ ಜೆಟ್ಟಿನಿಂದ ಪೆಟ್ರೋಲ್ ಬಂದು ಏರುತ್ತದೆ. ಜಾಸ್ತಿಯಾಯಿತು ಅಂತ ಗವರ್ನರ್ ಮುಚ್ಚುತ್ತದೆ, ಮತ್ತೆ ಇಳಿಯುತ್ತದೆ. ಗವರ್ನರ್ ಕೆಟ್ಟಿಲ್ಲ, ಅದು ತನ್ನ ಕೆಲಸ ಮಾಡುತ್ತಿದೆ.

ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕಿನ ಕೆಳಗಿನ ನಲ್ಲಿ ಬಂದ್ ಮಾಡಿ. ಎಂಜಿನ್ ತಣ್ಣಗಿರಬೇಕು. ಕಾರ್ಬುರೇಟರ್ ಬೌಲಿನ ಕೆಳಗೆ ಡ್ರೈನ್ ಸ್ಕ್ರೂ ಇರುತ್ತದೆ. ಕೆಳಗೊಂದು ಗಾಜಿನ ಬಾಟಲಿ ಹಿಡಿದು ಬಿಚ್ಚಿ. ಬಂದದ್ದನ್ನು ಬೆಳಕಿಗೆ ಹಿಡಿದು ನೋಡಿ ಹೇಳಿ.

ಕೋಥ್ರುಡ್ ಕುಲಕರ್ಣಿ

ನಾನು ಮೊದಲೇ ಹೇಳಿದೆ, ಇ20. ಸಣ್ಣ ಎಂಜಿನ್‌ಗಳನ್ನೆಲ್ಲ ಅದೇ ತಿನ್ನುತ್ತಿದೆ. ಯಾರೂ ಒಪ್ಪುವುದಿಲ್ಲ.

ಡೊಂಬಿವಲಿ ಭಟ್ಟ

ಕುಲಕರ್ಣಿಯವರೇ, ಮುಚ್ಚಳದಲ್ಲಿ ತೂತಿಲ್ಲದ್ದಕ್ಕೂ ಎಥನಾಲೇ ಕಾರಣವಾ?

ಸುಮ್ನೆ ತಮಾಷೆ ಮಾಡಿದೆ. ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. 2022ರಲ್ಲಿ ಪೆಟ್ರೋಲಿನಲ್ಲಿ ಎಥನಾಲ್ ಶೇ. 10 ಮುಟ್ಟಿತು. 2030ಕ್ಕೆ ಅಂತ ಇಟ್ಟುಕೊಂಡಿದ್ದ ಶೇ. 20ರ ಗುರಿಯನ್ನು ಹಿಂದಕ್ಕೆ ಎಳೆದು 2025ರಲ್ಲೇ ಮುಟ್ಟಿದರು. ಎಥನಾಲಿನ ಎರಡು ಗುಣ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಒಂದು, ಅದರೊಳಗೇ ಆಮ್ಲಜನಕ ಇದೆ, ಹಾಗಾಗಿ ಅದೇ ಜೆಟ್ಟಿನಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಕಮ್ಮಿಯಾದ ಹಾಗೆ. ಶುಚಿ ಇರುವ ಕಾರ್ಬುರೇಟರ್ ಅದನ್ನು ತಡೆದುಕೊಳ್ಳುತ್ತದೆ. ಅರ್ಧ ಕಟ್ಟಿಕೊಂಡದ್ದು ತಡೆದುಕೊಳ್ಳುವುದಿಲ್ಲ. ಎರಡು, ಅದು ನೀರನ್ನು ಎಳೆದುಕೊಳ್ಳುತ್ತದೆ. ಒಂದು ಮಟ್ಟದವರೆಗೆ ಕರಗಿಸಿ ಇಟ್ಟುಕೊಳ್ಳುತ್ತದೆ. ಅದನ್ನು ಮೀರಿದರೆ ನೀರೂ ಎಥನಾಲೂ ಒಟ್ಟಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಕಾರ್ಬುರೇಟರ್ ಹೀರುವುದು ತಳದಿಂದಲೇ.

ಸ್ಕೂಟರಿನಲ್ಲಿ ಇದು ಗೊತ್ತಾಗುವುದಿಲ್ಲ, ವಾರ ವಾರ ಪೆಟ್ರೋಲ್ ಖಾಲಿಯಾಗುತ್ತದೆ. ಜನರೇಟರ್ ತಿಂಗಳುಗಟ್ಟಲೆ ಮೂಲೆಯಲ್ಲಿ ಕೂರುತ್ತದೆ. ವಾಸ್ಕೋದಂಥ ಸಮುದ್ರದ ಊರಿನಲ್ಲಿ, ಜೂನ್ ಮಳೆಯಲ್ಲಿ. ಪೆಟ್ರೋಲಿನ ಹಗುರ ಅಂಶ ಆರಿಹೋಗಿ ಬೌಲಿನಲ್ಲಿ ಅಂಟು ಉಳಿಯುತ್ತದೆ. ಇದು ಎಥನಾಲ್ ಬರುವ ಮುಂಚೆಯೂ ಆಗುತ್ತಿತ್ತು.

ಎಥನಾಲ್ ಎಷ್ಟಿದೆ ಅಂತ ನೋಡಬೇಕಿದ್ದರೆ ಅಳತೆ ಗುರುತಿನ ಗಾಜಿನ ಟ್ಯೂಬಿನಲ್ಲಿ 100 ಮಿ.ಲೀ. ಪೆಟ್ರೋಲ್, 10 ಮಿ.ಲೀ. ನೀರು ಹಾಕಿ ಕುಲುಕಿ ಬಿಡಿ. ಎಥನಾಲ್ ನೀರಿನ ಜೊತೆ ಸೇರಿಕೊಳ್ಳುತ್ತದೆ. ಇ20 ಆದರೆ ಕೆಳಗಿನ ಪದರ 30 ಮಿ.ಲೀ. ಆಸುಪಾಸಿಗೆ ಬರುತ್ತದೆ. ಆ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಸುರಿಯಬೇಡಿ.

ಬೈನಾ ಖಾನಾವಳಿ

ಬೌಲ್ ಡ್ರೈನ್ ಮಾಡಿದೆವು. ಬಾಟಲಿ ತಳದಲ್ಲಿ ನೀರಿನ ಗುಳ್ಳೆಯಂಥದ್ದು ಉರುಳಾಡುತ್ತಿದೆ, ಅದರ ಜೊತೆ ಕಂದು ಬಣ್ಣದ ಪುಡಿ. ನಮ್ಮೆಜಮಾನರ ತಮ್ಮನಿಗೆ ಗವರ್ನರ್ ಸ್ಪ್ರಿಂಗ್ ಸ್ವಲ್ಪ ಬಿಗಿ ಮಾಡಿದರೆ ಏರಿಳಿತ ನಿಲ್ಲುತ್ತದೆ ಅಂತ ಯಾರೋ ಹೇಳಿದ್ದಾರಂತೆ. ಮಾಡಬಹುದಾ?

ಪಿಂಪ್ರಿ ವೈಂಡಿಂಗ್

ಇದು ನನ್ನ ಏರಿಯಾ, ಕೈ ಮುಗಿದು ಹೇಳುತ್ತೇನೆ: ಮುಟ್ಟಬೇಡಿ. ನಮ್ಮ ಕರೆಂಟ್ 50 ಹರ್ಟ್ಜ್. ನಿಮ್ಮಂಥ ಜನರೇಟರಿನಲ್ಲಿ ಎಂಜಿನ್ ಒಂದು ಸುತ್ತು ಬಂದರೆ ಕರೆಂಟಿನ ಒಂದು ಆವರ್ತ. ಸೆಕೆಂಡಿಗೆ 50 ಬೇಕು ಅಂದರೆ ನಿಮಿಷಕ್ಕೆ 3000 ಸುತ್ತು. ಸ್ಪ್ರಿಂಗ್ ಬಿಗಿ ಮಾಡಿದರೆ ಸುತ್ತು ಜಾಸ್ತಿ, ಹರ್ಟ್ಜ್ ಜಾಸ್ತಿ, ವೋಲ್ಟೇಜೂ ಏರಬಹುದು. ಏರಿಳಿತ ಕೇಳಿಸದೇ ಇರಬಹುದು, ಫ್ರಿಜ್ಜಿನ ಕಂಪ್ರೆಸರ್ ಹೋಗುತ್ತದೆ. ಆಮೇಲೆ ಅದನ್ನು ನನ್ನಂಥವನ ಹತ್ತಿರ ತರುತ್ತೀರಿ.

ಏರಿಳಿತ ನಿಲ್ಲುವವರೆಗೆ ಫ್ರಿಜ್ ಹಾಕಲೇಬೇಡಿ. ಇನ್ನೊಂದು, ಜನರೇಟರ್ ವಯರನ್ನು ಮನೆಯ ಪ್ಲಗ್ ಪಾಯಿಂಟಿಗೆ ತಿರುಗಿಸಿ ಕೊಡುವವರಿದ್ದಾರೆ. ಅದು ಬೇಡ, ಕಂಬದ ಲೈನ್ ಕಡಿದು ಜನರೇಟರಿಗೆ ಬದಲಿಸುವ ಚೇಂಜ್ ಓವರ್ ಸ್ವಿಚ್ ಮೂಲಕವೇ ಕೊಡಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಕರೆಂಟ್ ಹೊಡೆಯುತ್ತದೆ.

ಫೋಂಡಾ ಗ್ಯಾರೇಜ್

ನೀರು ಸಿಕ್ಕಿತಲ್ಲ, ದಾರಿ ಸ್ಪಷ್ಟವಾಯಿತು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಕಾಕ್ ಕೆಳಗೆ ಸಣ್ಣ ಬಟ್ಟಲಿನಂಥದ್ದು ಇರುತ್ತದೆ, ಕಚರಾ ಕೂರುವುದಕ್ಕೆ. ಅದನ್ನು ಬಿಚ್ಚಿ ತೊಳೆಯಿರಿ. ಒಳಗಿನ ರಬ್ಬರ್ ರಿಂಗ್ ಕಳೆದುಕೊಳ್ಳಬೇಡಿ, ಅದಿಲ್ಲದಿದ್ದರೆ ಸೋರುತ್ತದೆ. ಆಮೇಲೆ ಕಾರ್ಬುರೇಟರಿನ ಬೌಲ್ ಬಿಚ್ಚಿ, ಸಾಮಾನ್ಯವಾಗಿ 10 ನಂಬರ್ ಪಾನಾ ಹಿಡಿಯುತ್ತದೆ. ನಡುವಿನ ಕಂಬದೊಳಗೆ ಮೇನ್ ಜೆಟ್ ಇದೆ. ಅದನ್ನು ತೆಗೆದರೆ ಮೇಲೆ ಪಕ್ಕದಲ್ಲಿ ತೂತುಗಳಿರುವ ಸಣ್ಣ ಕೊಳವೆ ಕೆಳಗೆ ಬೀಳುತ್ತದೆ. ಆ ತೂತುಗಳೂ ತೆರೆದಿರಬೇಕು.

ಪೈಲಟ್ ಜೆಟ್ ಮೇಲುಗಡೆ ಇದೆ. ಈ ಬಗೆಯ ಕಾರ್ಬುರೇಟರಿನಲ್ಲಿ ಐಡಲ್ ಸ್ಕ್ರೂ ತೆಗೆದರೆ ಕೆಳಗೆ ಕೂತಿರುವ ಪ್ಲಾಸ್ಟಿಕ್ ತುಂಡೇ ಅದು. ಮೆಲ್ಲಗೆ ಎತ್ತಿ. ಸ್ಕ್ರೂ ಎಷ್ಟು ಸುತ್ತು ಇತ್ತು ಅಂತ ಬರೆದಿಟ್ಟುಕೊಳ್ಳಿ. ಸೂಜಿ, ಪಿನ್ನು ಹಾಕಬೇಡಿ, ತೂತು ದೊಡ್ಡದಾದರೆ ಜೆಟ್ ಹೋಯಿತು. ವಯರಿನೊಳಗಿನ ತಾಮ್ರದ ಒಂದು ಎಳೆ ಸಾಕು. ಕಾರ್ಬುರೇಟರ್ ಕ್ಲೀನರ್ ಹೊಡೆಯುವಾಗ ಕಣ್ಣಿಗೆ ಕನ್ನಡಕ ಇರಲಿ. ಒಂದು ಕಡೆ ಹೊಡೆದದ್ದು ಇನ್ನೊಂದು ತೂತಿನಿಂದ ನೇರ ಮುಖಕ್ಕೆ ಬರುತ್ತದೆ.

ಕೈ ನಡುಗಿದರೆ ಕಾರ್ಬುರೇಟರ್ ಬಿಚ್ಚಿಕೊಂಡು ಫೋಂಡಾಕ್ಕೆ ಬನ್ನಿ, ಮಾಡಿಕೊಡುತ್ತೇನೆ. ಹೊಸ ಕಾರ್ಬುರೇಟರ್ ಬೇಡ.

ಸತ್ತರಿಯವರೇ, ನಿಮ್ಮದು ಮರೆತಿಲ್ಲ. ರೇಸ್ ಕೊಟ್ಟಾಗ ಮಾತ್ರ ನಿಲ್ಲುತ್ತದೆ ಅಂದರೆ ಮೊದಲು ಸೈಲೆನ್ಸರ್ ನೋಡಿ. ಅದರ ಬಾಯಲ್ಲಿ ಕಿಡಿ ಹೊರಗೆ ಹಾರದಂತೆ ಸಣ್ಣ ಜಾಳಿಗೆ ಇರುತ್ತದೆ. ಟೂ ಸ್ಟ್ರೋಕ್ ಆಯಿಲ್ ಜಾಸ್ತಿ ಹಾಕಿದರೆ ಮಸಿ ಕಟ್ಟಿ ಮುಚ್ಚಿಕೊಳ್ಳುತ್ತದೆ. ಹೊಗೆ ಹೋಗಲು ದಾರಿಯಿಲ್ಲದಿದ್ದರೆ ಹೊಸ ಗಾಳಿ ಒಳಗೆ ಬರುವುದಿಲ್ಲ. ಆಯಿಲ್ ಎಷ್ಟು ಅಂತ ಮಷೀನಿನ ಪುಸ್ತಕ ನೋಡಿ. ಕೆಲವಕ್ಕೆ 25 ಪಾಲು ಪೆಟ್ರೋಲಿಗೆ ಒಂದು ಪಾಲು, ಕೆಲವಕ್ಕೆ 50ಕ್ಕೆ ಒಂದು. ಕೈ ಅಂದಾಜಿನಲ್ಲಿ ಸುರಿಯಬೇಡಿ. ಜಾಳಿಗೆ ಸರಿ ಇದ್ದರೆ ಟ್ಯಾಂಕ್ ಒಳಗೆ ಪೈಪಿನ ತುದಿಯಲ್ಲಿರುವ ಫಿಲ್ಟರ್ ನೋಡಿ.

ಬೈನಾ ಖಾನಾವಳಿ

ಯಜಮಾನರು, ಮೈದುನ ಇಬ್ಬರೂ ಕೂತು ಮಾಡಿದರು. ನಾನು ಬಿಚ್ಚಿದ ಸಾಮಾನುಗಳನ್ನು ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ ಇಟ್ಟು ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಪೈಲಟ್ ಜೆಟ್ ಬೆಳಕಿಗೆ ಹಿಡಿದರೆ ಆ ಕಡೆ ಏನೂ ಕಾಣುತ್ತಿರಲಿಲ್ಲ. ತಾಮ್ರದ ಎಳೆ ಹಾಕಿ ಕ್ಲೀನರ್ ಹೊಡೆದ ಮೇಲೆ ಚುಕ್ಕೆಯಷ್ಟು ಬೆಳಕು ಬಂತು. ಮಡಗಾಂವಿನಿಂದ ಗಾಳಿದಾರಿ ಇರುವ ಮುಚ್ಚಳವೂ ಬಂತು. ಈಗ ಬರೀ ಲೈಟ್ ಇದ್ದರೂ ಸದ್ದು ಒಂದೇ ಸಮ. ಫ್ರಿಜ್ ಹಾಕಿದ್ದೇವೆ, ನಿಲ್ಲುವುದಿಲ್ಲ.

ಮಳೆ ಜೋರಿರುವಾಗ ಜನರೇಟರನ್ನು ಹಿಂದಿನ ಪಡಸಾಲೆಯ ಒಳಗೆ ಇಟ್ಟು ಬಾಗಿಲು ತೆರೆದಿಟ್ಟರೆ ಆಗುತ್ತದಾ?

ಡೊಂಬಿವಲಿ ಭಟ್ಟ

ಆಗುವುದಿಲ್ಲ ಅಮ್ಮಾ. ಬಾಗಿಲು, ಕಿಟಕಿ ಎಷ್ಟು ತೆರೆದರೂ ಬೇಡ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು ಬಂತು ಅನ್ನುವಷ್ಟರಲ್ಲಿ ಎದ್ದು ಹೋಗಲು ಕಾಲಿನಲ್ಲಿ ಶಕ್ತಿ ಇರುವುದಿಲ್ಲ. ಕಟ್ಟಡದಿಂದ ದೂರ ಹೊರಗೇ ಇಡಿ. ಮೇಲೆ ಎತ್ತರಕ್ಕೆ ತಗಡು ಹಾಕಿ, ನಾಲ್ಕೂ ಬದಿ ತೆರೆದಿರಲಿ. ಹೊಗೆಯ ಬಾಯಿ ಬಾಗಿಲಿಗೆ, ಕಿಟಕಿಗೆ ಎದುರಾಗಿ ಇರಬಾರದು.

ಮಳೆಗಾಲ ಮುಗಿದು ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಅದಾಗಿಯೇ ನಿಲ್ಲುವವರೆಗೆ ಓಡಿಸಿ. ಬೌಲಿನಲ್ಲಿ ಉಳಿದದ್ದನ್ನು ಡ್ರೈನ್ ಸ್ಕ್ರೂನಿಂದ ತೆಗೆಯಿರಿ. ನಡುವೆ ಒಂದೆರಡು ವಾರ ಬೇಡವೆಂದರೆ ಕಾಕ್ ಬಂದ್ ಮಾಡಿ ಓಡಿಸಿ ನಿಲ್ಲಿಸಿದರೂ ಸಾಕು.

ಕೋಥ್ರುಡ್ ಕುಲಕರ್ಣಿ

ನೀರು ಬಂತಲ್ಲ ಬೌಲಿನಲ್ಲಿ. ನಾನು ಹೇಳಿದ್ದೂ ತಪ್ಪಲ್ಲ ಹಾಗಾದರೆ.

ಪಿಂಪ್ರಿ ವೈಂಡಿಂಗ್

ಆಯಿತು ಸಾಹೇಬ್ರೇ, ಅರ್ಧ ಮಾರ್ಕ್ಸ್ ತಗೊಳ್ಳಿ.

ಸತ್ತರಿ ಗೇರುತೋಟ

ಜಾಳಿಗೆ ತೆಗೆದೆ. ಪೂರ್ತಿ ಕಪ್ಪು, ಒಂದು ತೂತೂ ಕಾಣುತ್ತಿರಲಿಲ್ಲ. ಹಲ್ಲುಜ್ಜುವ ಹಳೇ ಬ್ರಷ್‌ನಲ್ಲಿ ತಿಕ್ಕಿ ಹಾಕಿದೆ. ರೇಸ್ ಚೆನ್ನಾಗಿ ತಗೊಳ್ಳುತ್ತಿದೆ, ಅರ್ಧ ತೋಟ ಮುಗಿಯಿತು. ಈಗ ಎಳೆಯುವ ಹಗ್ಗ ಒಳಗೆ ವಾಪಸ್ ಹೋಗುತ್ತಿಲ್ಲ. ಫೋಂಡಾ ಅಣ್ಣಾ, ಅದು ಸ್ಪ್ರಿಂಗಾ? ಭಾನುವಾರ ಅಂಗಡಿ ತೆರೆದಿರುತ್ತದಾ?